ಪ್ರಶ್ನೆ ಬಂದಾಗ ಭಂತೆಗಳು ಏನು ಮಾಡುತ್ತಾರೆ? ಫೋನಿನಲ್ಲಿ ಉತ್ತರ ಕೊಡುವವರಿಗೊಂದು ಮಾರ್ಗದರ್ಶಿ

ನನ್ನ ಫೋನಿಗೆ ಇಂಥ ಪ್ರಶ್ನೆಗಳು ಬರುವುದು ಹೆಚ್ಚಾಗಿ ರಾತ್ರಿ ಹತ್ತರ ಮೇಲೆ. ನಾನು ವಾರಕ್ಕೊಮ್ಮೆ ಒಬ್ಬ ಬೌದ್ಧ ಭಿಕ್ಷುವಿನ (ಇವರನ್ನು ಗೌರವದಿಂದ ಭಂತೆ ಅನ್ನುತ್ತಾರೆ) ಆನ್‌ಲೈನ್ ತರಗತಿಯಲ್ಲಿ ಕೂರುತ್ತೇನೆ ಅಂತ ಗೊತ್ತಿರುವ ಸ್ನೇಹಿತರು, ಅವರ ಸ್ನೇಹಿತರು, ಊರಿನ ಸಂಬಂಧಿಕರು ಎಲ್ಲರೂ ಕೇಳುತ್ತಾರೆ. "ಧ್ಯಾನಕ್ಕೆ ಕೂತರೆ ಮನಸ್ಸು ನಿಲ್ಲಲ್ಲ, ಏನು ಮಾಡಲಿ?" "ಸತ್ತ ಮೇಲೆ ಏನಾಗುತ್ತೆ?" "ತಮ್ಮನ ಜೊತೆ ಮಾತು ಬಿಟ್ಟಿದ್ದೀನಿ, ತಪ್ಪಾ?"

ಮೂರು ವರ್ಷದ ಹಿಂದೆ ಹತ್ತಿರದ ಸಂಬಂಧಿಕರೊಬ್ಬರು ಕೇಳಿದರು: "ನನಗೆ ಈ ಕಾಯಿಲೆ ಬಂದಿರೋದು ನನ್ನ ಕರ್ಮದಿಂದಾನಾ?" ನಾನು ಕೂತು ಉದ್ದಕ್ಕೆ ಬರೆದೆ. ಕರ್ಮ, ಫಲ, ಹಿಂದಿನ ಜನ್ಮ, ಓದಿದ್ದನ್ನೆಲ್ಲ ತುಂಬಿಸಿದೆ. ಎರಡು ನೀಲಿ ಟಿಕ್ ಬಂತು. ಮಾರುತ್ತರ ಬರಲಿಲ್ಲ. ಮಾರನೇ ದಿನ ಅವರ ಮಗಳು ಫೋನ್ ಮಾಡಿ, ಅಮ್ಮ ರಾತ್ರಿಯೆಲ್ಲ ಅತ್ತರು ಅಂದಳು.

ಆ ವಾರದ ತರಗತಿಯಲ್ಲಿ ಭಂತೆಯ ಮುಂದೆ ಇದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಆಮೇಲೆ ಕೇಳಿದರು: "ಅವರಿಗೆ ಎಷ್ಟು ದಿನದಿಂದ ನೋವು? ರಾತ್ರಿ ನಿದ್ದೆ ಬರುತ್ತಾ? ಮನೆಯಲ್ಲಿ ಜೊತೆಗೆ ಯಾರಿದ್ದಾರೆ?" ಮೂರರಲ್ಲಿ ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಸಂಬಂಧಿಕರು ಕೇಳಿದ್ದಕ್ಕೆ ನಾನು ಉತ್ತರ ಬರೆದಿದ್ದೆ, ಅವರನ್ನು ಮಾತ್ರ ನೋಡಿರಲಿಲ್ಲ.

ಅವತ್ತಿನಿಂದ ಭಂತೆಗಳು ಉತ್ತರ ಕೊಡುವ ಬಗೆಯನ್ನೇ ಗಮನಿಸುತ್ತ ಬಂದೆ. ಇದು ಅವರವರ ಸ್ವಭಾವ ಅಲ್ಲ, ಎರಡೂವರೆ ಸಾವಿರ ವರ್ಷಗಳಿಂದ ಉಳಿದು ಬಂದಿರುವ ಒಂದು ಕ್ರಮ. ಮೊದಲು ಮರದ ಕೆಳಗೆ ಕೂತು ನಡೆಯುತ್ತಿತ್ತು, ಈಗ ಇಮೇಲ್, ವಾಟ್ಸಾಪ್, ವಿಡಿಯೋ ಕರೆಯಲ್ಲಿ ನಡೆಯುತ್ತದೆ. ನಿಮ್ಮ ಹತ್ತಿರವೂ ಜನ ಏನಾದರೂ ಕೇಳುತ್ತಾರೆ ಅಂದರೆ, ಅದು ಧ್ಯಾನದ ಬಗ್ಗೆ ಇರಲಿ, ಮನೆ ಜಗಳದ ಬಗ್ಗೆ ಇರಲಿ, ಈ ಕ್ರಮ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 1: ಟೈಪ್ ಮಾಡುವ ಮೊದಲು ತಿರುಗಿ ಕೇಳಿ

ಎದುರಿಗೆ ಕೂತವರ ಮುಖ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಫೋನಿನಲ್ಲಿ ಬರೀ ಅಕ್ಷರ ಬರುತ್ತದೆ. ಅದಕ್ಕೇ ಆನ್‌ಲೈನಿನಲ್ಲಿ ಉತ್ತರಿಸುವ ಭಂತೆಗಳು ತಿರುಗಿ ಕೇಳುವುದು ಜಾಸ್ತಿ. "ಸಿಟ್ಟು ಬರುತ್ತೆ, ಏನು ಮಾಡಲಿ?" ಅಂದವರಿಗೆ ನಮ್ಮ ಭಂತೆ ಯಾವತ್ತೂ ನೇರವಾಗಿ ಮೈತ್ರಿ ಧ್ಯಾನ (ಎಲ್ಲರಿಗೂ ಒಳಿತು ಬಯಸುವ ಧ್ಯಾನ) ಮಾಡಿ ಅಂದಿಲ್ಲ. "ಯಾರ ಮೇಲೆ? ಯಾವ ಹೊತ್ತಿನಲ್ಲಿ? ಸಿಟ್ಟು ಬಂದಾಗ ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ?" ಅಂತ ಕೇಳುತ್ತಾರೆ. ಎಷ್ಟೋ ಸಲ ಇದಕ್ಕೆ ಉತ್ತರ ಹೇಳುತ್ತ ಹೇಳುತ್ತ ಕೇಳಿದವರಿಗೇ ದಾರಿ ಕಾಣುತ್ತದೆ.

ಬುದ್ಧರೂ ಹೀಗೆಯೇ ಮಾಡುತ್ತಿದ್ದರು. ರಾಜಗೃಹದಲ್ಲಿ ಅಭಯ ಅನ್ನುವ ರಾಜಕುಮಾರ ಒಂದು ಇಕ್ಕಟ್ಟಿನ ಪ್ರಶ್ನೆ ಇಟ್ಟುಕೊಂಡು ಬಂದ. ನೀವು ಇನ್ನೊಬ್ಬರಿಗೆ ನೋವಾಗುವ ಮಾತು ಆಡುತ್ತೀರಾ? ಆಡುತ್ತೇನೆ ಅಂದರೆ ನಿಮಗೂ ಬೇರೆಯವರಿಗೂ ಏನು ವ್ಯತ್ಯಾಸ? ಆಡಲ್ಲ ಅಂದರೆ ನಿಮಗೆ ತಿರುಗಿಬಿದ್ದ ಶಿಷ್ಯ ದೇವದತ್ತನಿಗೆ ಅಷ್ಟು ಕಟುವಾಗಿ ಹೇಳಿದ್ದು ಯಾಕೆ? ಎತ್ತ ಹೋದರೂ ಸಿಕ್ಕಿಬೀಳಬೇಕು. ಆಗ ಅಭಯನ ಮಡಿಲಲ್ಲಿ ಒಂದು ಎಳೆ ಮಗು ಮಲಗಿತ್ತು. ಬುದ್ಧರು ಕೇಳಿದರು: ಈ ಮಗು ಒಂದು ಕಡ್ಡಿನೋ ಕಲ್ಲಿನ ಚೂರನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯ? ತೆಗೆಯುತ್ತೇನೆ ಅಂದ ಅಭಯ. ಸುಲಭಕ್ಕೆ ಬರದಿದ್ದರೆ ಎಡಗೈಯಲ್ಲಿ ತಲೆ ಹಿಡಿದು, ಬಲಗೈ ಬೆರಳು ಬಗ್ಗಿಸಿ, ರಕ್ತ ಬಂದರೂ ತೆಗೆಯುತ್ತೇನೆ, ಯಾಕಂದರೆ ಮಗುವಿನ ಮೇಲೆ ನನಗೆ ಕರುಣೆ ಇದೆ. ತನ್ನ ಪ್ರಶ್ನೆಗೆ ಉತ್ತರವನ್ನು ಅಭಯನೇ ಹೇಳಿಯಾಗಿತ್ತು.

ತಿರುಗಿ ಕೇಳುವಾಗ ಒಂದು ಎಚ್ಚರ ಬೇಕು. ಅದು ಪೊಲೀಸ್ ವಿಚಾರಣೆ ತರ ಆಗಬಾರದು. ಒಂದು ಸಲಕ್ಕೆ ಒಂದೋ ಎರಡೋ ಕೇಳಿ, ಅಷ್ಟೇ. "ಹೇಳೋಕೆ ಇಷ್ಟ ಇದ್ದರೆ ಮಾತ್ರ" ಅಂತ ಸೇರಿಸಿದರೆ ಇನ್ನೂ ಒಳ್ಳೆಯದು.

ಹೆಜ್ಜೆ 2: ಇದು ಯಾವ ಜಾತಿಯ ಪ್ರಶ್ನೆ ಅಂತ ನೋಡಿ

ಇಡೀ ಕ್ರಮದ ಬುಡ ಇದು. ಬುದ್ಧರ ಉಪದೇಶಗಳ ಸಂಗ್ರಹಗಳಲ್ಲಿ ಒಂದಾದ ಅಂಗುತ್ತರ ನಿಕಾಯದಲ್ಲಿ ಪ್ರಶ್ನೆಗಳನ್ನು ನಾಲ್ಕು ಬಗೆ ಮಾಡಿದ್ದಾರೆ. ಹೌದು ಅಥವಾ ಇಲ್ಲ ಅಂತ ನೇರವಾಗಿ ಹೇಳಬೇಕಾದವು. ಬಿಡಿಸಿ ಹೇಳಬೇಕಾದವು. ತಿರುಗಿ ಕೇಳಿ ಹೇಳಬೇಕಾದವು. ಪಕ್ಕಕ್ಕೆ ಇಡಬೇಕಾದವು. ಈ ನಾಲ್ಕನ್ನು ಬಲ್ಲವನನ್ನು ಸೋಲಿಸುವುದು ಕಷ್ಟ ಅಂತ ಅಲ್ಲಿ ಹೇಳಿದೆ. ನನಗೆ ಸೋಲು ಗೆಲುವಿಗಿಂತ ಮುಖ್ಯ ಅನಿಸುವುದು ಬೇರೆ: ಬಗೆ ತಪ್ಪಿದರೆ ಉತ್ತರ ಎಷ್ಟು ಸರಿ ಇದ್ದರೂ ಅದರಿಂದ ಕೇಳಿದವರಿಗೆ ಪೆಟ್ಟಾಗುತ್ತದೆ.

ನೇರ ಉತ್ತರದವು ಕಡಿಮೆ. "ನಾನು ಬೌದ್ಧ ಅಲ್ಲ, ಧ್ಯಾನ ಮಾಡಬಹುದಾ?" ಮಾಡಬಹುದು. ಮುಗಿಯಿತು. ಇದಕ್ಕೆ ಪುಟಗಟ್ಟಲೆ ಬರೆಯಬೇಡಿ.

ಬಿಡಿಸಿ ಹೇಳಬೇಕಾದವೇ ಜಾಸ್ತಿ. ಸುಭ ಅನ್ನುವ ಯುವಕ ಬಂದು, ಸಂಸಾರಿಗಳೇ ಸರಿದಾರಿಯಲ್ಲಿ ಗೆಲ್ಲುತ್ತಾರೆ, ಸನ್ಯಾಸಿಗಳಲ್ಲ ಅಂತಾರಲ್ಲ, ನೀವೇನು ಹೇಳುತ್ತೀರಿ ಅಂದ. ಬುದ್ಧರು, ಈ ವಿಷಯದಲ್ಲಿ ನಾನು ಬಿಡಿಸಿ ಹೇಳುವವನು, ಒಂದೇ ಮಾತಿನಲ್ಲಿ ಹೇಳುವವನಲ್ಲ ಅಂದರು. ಸಂಸಾರಿಯಾಗಲಿ ಸನ್ಯಾಸಿಯಾಗಲಿ, ತಪ್ಪು ದಾರಿ ಹಿಡಿದರೆ ಇಬ್ಬರನ್ನೂ ಹೊಗಳುವುದಿಲ್ಲ. ಸರಿ ದಾರಿ ಹಿಡಿದರೆ ಇಬ್ಬರನ್ನೂ ಹೊಗಳುತ್ತೇನೆ.

ನಮ್ಮ ಸಂಬಂಧಿಕರ ಪ್ರಶ್ನೆಯೂ ಇದೇ ಬಗೆಯದು. ಅದಕ್ಕೆ ಸುತ್ತಗಳಲ್ಲೇ, ಅಂದರೆ ಬುದ್ಧರ ಉಪದೇಶಗಳಲ್ಲೇ, ಉತ್ತರ ಇದೆ ಅಂತ ಭಂತೆ ತೋರಿಸಿಕೊಟ್ಟಾಗ ನನಗೆ ನಾಚಿಕೆಯಾಯಿತು. ಸೀವಕ ಅನ್ನುವ ಪರಿವ್ರಾಜಕ (ಊರೂರು ಅಲೆಯುವ ಸನ್ಯಾಸಿ) ಬಂದು, ಮನುಷ್ಯನಿಗೆ ಆಗುವ ಸುಖ ದುಃಖ ಎಲ್ಲವೂ ಹಿಂದೆ ಮಾಡಿದ್ದರ ಫಲ ಅಂತ ಕೆಲವರು ಹೇಳುತ್ತಾರೆ, ನಿಜವಾ ಅಂತ ಕೇಳುತ್ತಾನೆ. ಬುದ್ಧರು ಎಂಟು ಕಾರಣ ಎಣಿಸುತ್ತಾರೆ. ಪಿತ್ತದಿಂದ ನೋವು ಬರಬಹುದು. ಕಫದಿಂದ, ವಾತದಿಂದ, ಈ ಮೂರೂ ಸೇರಿ ಬರಬಹುದು. ಹವೆ ಬದಲಾಗಿ ಬರಬಹುದು. ಮೈಯನ್ನು ಸರಿಯಾಗಿ ನೋಡಿಕೊಳ್ಳದೆ, ಏಟು ಬಿದ್ದು ಬರಬಹುದು. ಕರ್ಮದ ಫಲ ಎಂಟನೆಯದು, ಪಟ್ಟಿಯ ಕೊನೆಯಲ್ಲಿ ಬರುತ್ತದೆ. ಎಲ್ಲವೂ ಹಿಂದಿನದರ ಫಲ ಅನ್ನುವವರು ಜನ ಕಣ್ಣಾರೆ ಬಲ್ಲದ್ದನ್ನೂ ಮೀರಿ ಮಾತಾಡುತ್ತಾರೆ, ಅದು ತಪ್ಪು ಅಂತ ಬುದ್ಧರು ಹೇಳುತ್ತಾರೆ.

ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಮಾತಲ್ವಾ ಇದು, ಪಿತ್ತ, ಕಫ, ವಾತ, ಹವೆ? ಕಾಯಿಲೆ ಬಿದ್ದವರಿಗೆ "ನಿನ್ನ ಕರ್ಮ" ಅಂತ ಹೇಳಲು ಬುದ್ಧರ ಹೆಸರು ಎತ್ತುವವರು ಇದನ್ನೊಮ್ಮೆ ಓದಬೇಕು ಅಂತ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಆ ಸಂಬಂಧಿಕರಿಗೆ ಮತ್ತೆ ಬರೆದೆ. "ಅವತ್ತು ನಾನು ಬರೆದದ್ದು ತಪ್ಪು. ಇವತ್ತು ನೋವು ಹೇಗಿದೆ?" ಇಷ್ಟೇ. ಸಂಜೆ ವಾಯ್ಸ್ ಮೆಸೇಜ್ ಬಂತು. ಡಾಕ್ಟರು ಬದಲಾಯಿಸಿದ ಮಾತ್ರೆ, ಮಹಡಿ ಮೆಟ್ಟಿಲು, ಮಗಳು ಮಾಡುವ ಗಂಜಿ, ಎಲ್ಲ ಹೇಳಿದರು. ಕರ್ಮದ ಮಾತೇ ಎತ್ತಲಿಲ್ಲ.

ಇನ್ನು ಪಕ್ಕಕ್ಕೆ ಇಡುವವು. ಲೋಕಕ್ಕೆ ಕೊನೆ ಇದೆಯಾ, ಜೀವ ಮತ್ತು ದೇಹ ಒಂದೇನಾ ಬೇರೆನಾ, ಇಂಥವು. ಇವುಗಳಿಗೆ ಉತ್ತರ ಕೊಡದಿದ್ದರೆ ಸಂಘ ಬಿಡುತ್ತೇನೆ ಅಂತ ಮಾಲುಂಕ್ಯಪುತ್ತ ಅನ್ನುವ ಭಿಕ್ಷು ಹಟ ಹಿಡಿದಿದ್ದ. ವಿಷದ ಬಾಣ ನೆಟ್ಟವನು, ಬಾಣ ಬಿಟ್ಟವನ ಕುಲ ಯಾವುದು, ಎತ್ತರ ಎಷ್ಟು, ಬಾಣಕ್ಕೆ ಕಟ್ಟಿದ ಗರಿ ಯಾವ ಹಕ್ಕಿಯದು ಅಂತ ಗೊತ್ತಾಗುವ ತನಕ ಕೀಳಿಸಿಕೊಳ್ಳಲ್ಲ ಅಂದರೆ ಸಾಯುತ್ತಾನೆ ಅಂತ ಬುದ್ಧರು ಅವನಿಗೆ ಹೇಳಿದರು.

ಆದರೆ ಪಕ್ಕಕ್ಕೆ ಇಡುವುದು ಅಂದರೆ ಸುಮ್ನೆ ತಳ್ಳಿಹಾಕುವುದಲ್ಲ. ವಚ್ಛಗೊತ್ತ ಅನ್ನುವ ಇನ್ನೊಬ್ಬ ಪರಿವ್ರಾಜಕ ಬಂದು "ಆತ್ಮ ಇದೆಯಾ?" ಅಂದಾಗ ಬುದ್ಧರು ಸುಮ್ಮನಿದ್ದರು. "ಹಾಗಾದರೆ ಇಲ್ವಾ?" ಅಂದಾಗಲೂ ಸುಮ್ಮನಿದ್ದರು. ಅವನು ಎದ್ದು ಹೋದ ಮೇಲೆ ಶಿಷ್ಯ ಆನಂದ ಕಾರಣ ಕೇಳಿದ. ಇಲ್ಲ ಅಂದಿದ್ದರೆ, ಮೊದಲೇ ಗೊಂದಲದಲ್ಲಿದ್ದ ಅವನು, ಮುಂಚೆ ಇದ್ದ ಆತ್ಮವೂ ಈಗ ಹೋಯಿತಲ್ಲ ಅಂತ ಇನ್ನಷ್ಟು ಗೊಂದಲಕ್ಕೆ ಬೀಳುತ್ತಿದ್ದ ಅಂದರು ಬುದ್ಧರು. ಫೋನಿನಲ್ಲಿ ಬರೀ ಮೌನ ಇದ್ದರೆ ಅಲಕ್ಷ್ಯ ಮಾಡಿದ ಹಾಗೆ ಕಾಣುತ್ತದೆ. ಹಾಗಾಗಿ ಒಂದು ಸಾಲು ಬರೆಯಿರಿ: "ನಿಮ್ಮ ಪ್ರಶ್ನೆ ಓದಿದೆ. ಇದಕ್ಕೆ ಉತ್ತರ ಕೊಟ್ಟರೆ ಈಗ ನಿಮಗೆ ಸಹಾಯ ಆಗಲ್ಲ ಅನಿಸುತ್ತಿದೆ. ಇದು ಮನಸ್ಸಿಗೆ ಬಂದದ್ದು ಯಾವಾಗ, ಹೇಳ್ತೀರಾ?"

ಹೆಜ್ಜೆ 3: ನಿಜ, ಉಪಯೋಗ, ಹೊತ್ತು

ಬರೆದಾದ ಮೇಲೆ, ಕಳಿಸುವ ಮೊದಲು, ಮೂರು ಜರಡಿ. ಅಭಯನಿಗೆ ಬುದ್ಧರು ಹೇಳಿದ್ದೇ ಇವು. ಸುಳ್ಳಾದರೆ ಹೇಳುವ ಹಾಗಿಲ್ಲ, ಅದು ಎಷ್ಟೇ ಹಿತವಾಗಿರಲಿ. ನಿಜವಾದರೂ ಉಪಯೋಗ ಇಲ್ಲದಿದ್ದರೆ ಹೇಳುವ ಹಾಗಿಲ್ಲ. ನಿಜ, ಉಪಯೋಗ ಎರಡೂ ಇದ್ದರೆ ಹೊತ್ತು ನೋಡಿ ಹೇಳಬೇಕು. ಕೇಳುವವರಿಗೆ ಇಷ್ಟವಾಗುವ ಮಾತಿಗೂ ಹೊತ್ತು ನೋಡಬೇಕು ಅನ್ನುವುದನ್ನು ನಾವು ಮರೆಯುತ್ತೇವೆ. ಅಪ್ಪ ತೀರಿಹೋಗಿ ಮೂರು ದಿನ ಆದವರಿಗೆ "ಎಲ್ಲವೂ ಅನಿತ್ಯ" ಅಂತ ಬರೆದರೆ ಅದು ನಿಜವೇ, ಉಪಯೋಗದ ಮಾತೇ, ಆದರೆ ಹೊತ್ತಲ್ಲ. ಊಟ ಮಾಡಿದಿರಾ ಅಂತ ಕೇಳುವ ಹೊತ್ತು ಅದು.

ಉದ್ದದ ಬಗ್ಗೆಯೂ ಒಂದು ಮಾತು. ಕೋಸಂಬಿಯ ಕಾಡಿನಲ್ಲಿ ಬುದ್ಧರು ಸಿಂಸಪಾ ಮರದ ಒಂದಿಷ್ಟು ಎಲೆ ಕೈಯಲ್ಲಿ ಹಿಡಿದು, ಇವು ಜಾಸ್ತಿಯೋ ಮರಗಳ ಮೇಲಿರುವ ಎಲೆ ಜಾಸ್ತಿಯೋ ಅಂತ ಭಿಕ್ಷುಗಳನ್ನು ಕೇಳಿದರು. ನನಗೆ ತಿಳಿದದ್ದು ಕಾಡಿನಷ್ಟಿದೆ, ಹೇಳಿದ್ದು ಹಿಡಿಯಷ್ಟು, ದುಃಖ ಕಳೆಯಲು ಬೇಕಾದಷ್ಟು ಅಂದರು. ನಾನು ಮೊಬೈಲ್ ಪರದೆಯನ್ನೇ ಅಳತೆ ಇಟ್ಟುಕೊಂಡಿದ್ದೇನೆ. ಬೆರಳಿನಿಂದ ತಳ್ಳದೆ ಒಂದೇ ನೋಟಕ್ಕೆ ಓದಲು ಆಗುವಷ್ಟು ಬರೆದು ಉಳಿದದ್ದನ್ನು ಅಳಿಸುತ್ತೇನೆ. ಅಳಿಸುವಾಗ ಕೈ ಬರುವುದಿಲ್ಲ. ಆದರೂ ಅಳಿಸುತ್ತೇನೆ.

ಹೆಜ್ಜೆ 4: ಕೆಣಕಲು ಬಂದ ಪ್ರಶ್ನೆ

ಎಲ್ಲರೂ ತಿಳಿಯಬೇಕು ಅಂತಲೇ ಕೇಳುವುದಿಲ್ಲ. ಕೆಲವರು ಗೆಲ್ಲಲು ಬರುತ್ತಾರೆ. ಗ್ರೀಕ್ ಮೂಲದ ರಾಜ ಮಿಲಿಂದ, ಚರ್ಚೆಗೆ ಬನ್ನಿ ಅಂತ ಭಿಕ್ಷು ನಾಗಸೇನರನ್ನು ಕರೆದಾಗ ಅವರು ಮೊದಲೇ ಒಂದು ಷರತ್ತು ಹಾಕಿದರು. ಪಂಡಿತರ ಹಾಗೆ ಚರ್ಚಿಸುವುದಾದರೆ ಬರುತ್ತೇನೆ, ರಾಜರ ಹಾಗಾದರೆ ಇಲ್ಲ. ಪಂಡಿತರು ತಪ್ಪಾದರೆ ಒಪ್ಪಿಕೊಳ್ಳುತ್ತಾರೆ, ಅದಕ್ಕೆ ಸಿಟ್ಟಾಗುವುದಿಲ್ಲ. ರಾಜರು ಒಪ್ಪದವನಿಗೆ ಶಿಕ್ಷೆ ಕೊಡುತ್ತಾರೆ. ನೀವೂ ಇದನ್ನು ಮೊದಲೇ ಹೇಳಿಬಿಡಬಹುದು: "ಮಾತಾಡೋಣ, ಆದರೆ ಇಬ್ಬರಲ್ಲಿ ಯಾರ ಅಭಿಪ್ರಾಯ ಬೇಕಾದರೂ ಬದಲಾಗಬಹುದು ಅನ್ನುವುದಾದರೆ ಮಾತ್ರ."

ಬಿಸಿಯಾದ ಮಾತಿಗೆ ತಣ್ಣಗೆ ಉತ್ತರಿಸುವುದು ಹೇಗೆ ಅಂತ ನೋಡಬೇಕಾದರೆ ಬೈಲಕುಪ್ಪೆಗೆ ಹೋಗಿ. ಸೆರಾ ಮಠದ ಅಂಗಳದಲ್ಲಿ ಟಿಬೆಟಿನ ಭಿಕ್ಷುಗಳ ಚರ್ಚೆ ನಡೆಯುವಾಗ ದೂರದಿಂದ ಕೇಳಿದವರು ಜಗಳ ಅಂದುಕೊಳ್ಳಬೇಕು, ಅಷ್ಟು ಗದ್ದಲ. ಪ್ರಶ್ನೆ ಹಾಕುವವನು ನಿಂತಿರುತ್ತಾನೆ. ಪ್ರಶ್ನೆ ಮುಗಿಯುತ್ತಿದ್ದ ಹಾಗೆ ಎಡಗಾಲು ನೆಲಕ್ಕೆ ಅಪ್ಪಳಿಸಿ ಬಲಗೈಯನ್ನು ಎಡಗೈ ಮೇಲೆ ಚಟಾರನೆ ಬಡಿಯುತ್ತಾನೆ. ಉತ್ತರ ಹೇಳುವವನು ನೆಲದ ಮೇಲೆ ಕೂತೇ ಇರುತ್ತಾನೆ. ಅವನ ಹತ್ತಿರ ಇರುವುದು ಬೆರಳೆಣಿಕೆಯಷ್ಟು ಉತ್ತರ. ಒಪ್ಪಿದೆ. ಯಾಕೆ? ನೀವು ಕೊಟ್ಟ ಕಾರಣ ನಿಲ್ಲುವುದಿಲ್ಲ. ಕಾರಣ ನಿಂತರೂ ಅದರಿಂದ ಈ ಮಾತು ಹೊರಡುವುದಿಲ್ಲ. ಬೈಗುಳಕ್ಕೆ ಅಲ್ಲಿ ಜಾಗವೇ ಇಲ್ಲ. ಫೋನಿನಲ್ಲಿ ಯಾರಾದರೂ ಏರಿ ಬಂದರೆ ನಾನು ಈ ನಾಲ್ಕನ್ನು ನೆನಪಿಸಿಕೊಳ್ಳುತ್ತೇನೆ. ಒಪ್ಪುವ ಭಾಗ ಯಾವುದು ಅಂತ ಮೊದಲು ಹೇಳುತ್ತೇನೆ. ಆಮೇಲೆ "ಯಾಕೆ ಹಾಗೆ ಹೇಳ್ತೀರಿ?" ಅಂತ ಕೇಳುತ್ತೇನೆ. ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

"ನಿಮ್ಮ ಧರ್ಮ ದೊಡ್ಡದಾ, ನಮ್ಮದು ದೊಡ್ಡದಾ?" ಅನ್ನುವ ಪ್ರಶ್ನೆಗೆ ಉತ್ತರ ನಮ್ಮ ನಾಡಿನ ಕಲ್ಲಿನ ಮೇಲೇ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ, 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಅದರಲ್ಲಿ ಅವನ 12ನೇ ಬಂಡೆ ಶಾಸನದ ಭಾಗವೂ ಇದೆ. ಆ 12ನೇ ಶಾಸನದ ತಿರುಳು ಮಾತಿನ ಹಿಡಿತ: ಸಂದರ್ಭ ಇಲ್ಲದೆ ತನ್ನ ಪಂಥವನ್ನು ಹೊಗಳಿಕೊಳ್ಳಬೇಡ, ಬೇರೆಯವರ ಪಂಥವನ್ನು ಹಳಿಯಬೇಡ, ಹಾಗೆ ಮಾಡಿದರೆ ನಿನ್ನ ಪಂಥಕ್ಕೇ ಕೇಡು.

ಹೆಜ್ಜೆ 5: ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ತಿಳಿದಿರಿ

ಭಂತೆಗಳು ಕೆಲವು ಪ್ರಶ್ನೆಗಳಿಗೆ ಕೈ ಹಾಕುವುದೇ ಇಲ್ಲ. ಜಾತಕ, ಒಳ್ಳೆಯ ದಿನ, ಅದೃಷ್ಟದ ನಂಬರ್ ಹೇಳಿ ಹೊಟ್ಟೆ ಹೊರೆಯುವುದು ಭಿಕ್ಷುವಿಗೆ ಸಲ್ಲದ ಕಸುಬು ಅಂತ ಬುದ್ಧರ ಕಾಲದಿಂದಲೂ ಇದೆ. ಸಾವಿನ ವಿಷಯದಲ್ಲಿ ನಿಯಮ ಇನ್ನೂ ಗಟ್ಟಿ. ಸಾಯುವುದೇ ಮೇಲು ಅಂತ ಭಿಕ್ಷು ಒಬ್ಬರನ್ನು ಪ್ರೇರೇಪಿಸಿ, ಅವರು ಪ್ರಾಣ ಬಿಟ್ಟರೆ, ಆ ಭಿಕ್ಷು ಆ ಕ್ಷಣಕ್ಕೆ ಭಿಕ್ಷುವಾಗಿ ಉಳಿಯುವುದಿಲ್ಲ. ಹಾಗಾಗಿ "ಅಮ್ಮ ನರಳುತ್ತಿದ್ದಾಳೆ, ಹೋಗಿಬಿಟ್ಟರೆ ಒಳ್ಳೆಯದಲ್ವಾ?" ಅಂತ ಯಾರಾದರೂ ಕೇಳಿದರೆ ಅವರು ಹೌದು ಅನ್ನುವುದಿಲ್ಲ. ನೋವು ಕಡಿಮೆ ಮಾಡುವುದು ಹೇಗೆ, ಹತ್ತಿರ ಕೂತು ಏನು ಹೇಳಬಹುದು, ಅದರ ಬಗ್ಗೆ ಮಾತಾಡುತ್ತಾರೆ.

ನಮಗೂ ಇದು ಬೇಕು. ಮೆಸೇಜಿನಲ್ಲಿ "ಬದುಕೋದು ಬೇಡ ಅನಿಸ್ತಿದೆ" ಅನ್ನುವ ಮಾತು ಇದ್ದರೆ ಟೈಪ್ ಮಾಡುತ್ತ ಕೂರಬೇಡಿ. ಫೋನ್ ಮಾಡಿ. ಅವರ ಹತ್ತಿರ ಯಾರಾದರೂ ಇರುವ ಹಾಗೆ ನೋಡಿಕೊಳ್ಳಿ. ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಈ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಹಾಗೆಯೇ ಔಷಧ ನಿಲ್ಲಿಸಿ ಧ್ಯಾನ ಮಾಡಿ ಅಂತ ಯಾರಿಗೂ, ಯಾವತ್ತೂ ಬರೆಯಬೇಡಿ.

ನೀವೇ ಭಂತೆಯನ್ನು ಕೇಳುವುದಿದ್ದರೆ

ನಿಮ್ಮ ಕೈ ಮೀರಿದ ಪ್ರಶ್ನೆಯನ್ನು ಅವರಿಗೇ ದಾಟಿಸಬಹುದು. ಥೇರವಾದ (ಶ್ರೀಲಂಕಾ, ಬರ್ಮಾ, ಥಾಯ್ಲೆಂಡ್ ಕಡೆಯ ಬೌದ್ಧ ಪಂಥ) ಭಿಕ್ಷುಗಳನ್ನು "ಭಂತೆ" ಅಂತ ಕರೆಯಿರಿ, ಟಿಬೆಟಿನ ಪದವೀಧರ ಭಿಕ್ಷುಗಳಾದರೆ "ಗೆಶೆ-ಲಾ". ಥೇರವಾದದವರು ಮಧ್ಯಾಹ್ನದ ಮೇಲೆ ಊಟ ಮಾಡುವುದಿಲ್ಲ, ಆದ್ದರಿಂದ ಹನ್ನೊಂದರ ಆಸುಪಾಸಿನಲ್ಲಿ ಕರೆ ಮಾಡಬೇಡಿ. ಆಷಾಢ ಹುಣ್ಣಿಮೆಯ ಮರುದಿನದಿಂದ ಮೂರು ತಿಂಗಳು ಅವರಿಗೆ ಒಂದೇ ಕಡೆ ನೆಲೆಸಿ ಸಾಧನೆ ಮಾಡುವ ಮಳೆಗಾಲದ ವಾಸ. ಆಗ ಉತ್ತರ ತಡವಾದರೆ ಬೇಜಾರು ಮಾಡಿಕೊಳ್ಳಬೇಡಿ.

ಕೂರುವ ಬಗೆಗೂ ನಿಯಮ ಇದೆ. ಕಾಯಿಲೆ ಇಲ್ಲದೆ ಮಲಗಿಕೊಂಡವರಿಗೆ, ವಾಹನದಲ್ಲಿ ಕೂತವರಿಗೆ, ಕೊಡೆಯನ್ನೋ ಆಯುಧವನ್ನೋ ಹಿಡಿದವರಿಗೆ ಭಿಕ್ಷು ಧಮ್ಮ (ಬುದ್ಧರ ಬೋಧನೆ) ಹೇಳಬಾರದು. ವಿಡಿಯೋ ಕರೆ ಬರುವ ಎಷ್ಟೋ ಶತಮಾನ ಮೊದಲು ಮಾಡಿದ ನಿಯಮ ಇದು, ಆದರೂ ಹಾಸಿಗೆಯಲ್ಲಿ ಬಿದ್ದುಕೊಂಡೋ ಕ್ಯಾಬಿನಲ್ಲಿ ಹೋಗುತ್ತಲೋ ಕರೆ ಮಾಡದಿದ್ದರೆ ಅವರಿಗೂ ಸಲೀಸು, ನಿಮಗೂ ಮನಸ್ಸಿಟ್ಟು ಕೇಳಲು ಆಗುತ್ತದೆ. ಹೆಂಗಸರು ಕೇಳಬಹುದಾ ಅಂತ ಕೆಲವರಿಗೆ ಹಿಂಜರಿಕೆ. ಧಾರಾಳವಾಗಿ ಕೇಳಿ. ಹೆಂಗಸರು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರೆ ದೋಷ ಇಲ್ಲ ಅಂತ ಭಿಕ್ಷುಗಳ ನಿಯಮಗಳ ಸಂಗ್ರಹವಾದ ವಿನಯದಲ್ಲೇ ಇದೆ. ಒಬ್ಬರೇ ಕರೆ ಮಾಡುವ ಬದಲು ಮನೆಯವರನ್ನೋ ಗೆಳತಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡರೆ ಅವರಿಗೆ ಅನುಕೂಲ. "ನಿಮಗೆ ಧ್ಯಾನದಲ್ಲಿ ಯಾವ ಮಟ್ಟ ಸಿಕ್ಕಿದೆ?" ಅಂತ ಮಾತ್ರ ಕೇಳಬೇಡಿ. ಅದನ್ನು ಗೃಹಸ್ಥರಿಗೆ ಹೇಳುವುದು, ನಿಜವೇ ಇದ್ದರೂ, ಅವರಿಗೆ ನಿಷಿದ್ಧ. ಉತ್ತರಕ್ಕೆ ಫೀಸು ಕೇಳುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಲಾಭಕ್ಕಾಗಿ ಧಮ್ಮ ಹೇಳಬಾರದು ಅನ್ನುವುದು ಬುದ್ಧರು ಹಾಕಿದ ಷರತ್ತುಗಳಲ್ಲಿ ಒಂದು.

ಉತ್ತರ ಬರದಿದ್ದರೆ ಇನ್ನೊಮ್ಮೆ ಕೇಳಿ. ಮತ್ತೆ ಬರದಿದ್ದರೆ ಮತ್ತೊಮ್ಮೆ. ಉತ್ತರ ಕೊಡುವ ಜಾಗದಲ್ಲಿ ನೀವಿದ್ದು ಯಾರಾದರೂ ಮೂರನೇ ಸಲ ಕೇಳಿದರೆ, ರಾತ್ರಿ ಎಷ್ಟೇ ಹೊತ್ತಾಗಿರಲಿ ಎದ್ದು ಕೂರಿ. ಬಾಹಿಯ ಅನ್ನುವವನು ತುಂಬಾ ದೂರದಿಂದ ಶ್ರಾವಸ್ತಿಗೆ ಬಂದು, ಭಿಕ್ಷೆಗೆ ಹೊರಟಿದ್ದ ಬುದ್ಧರನ್ನು ದಾರಿಯಲ್ಲೇ ತಡೆದು ಕೇಳಿದ. ಇದು ಹೊತ್ತಲ್ಲ ಬಾಹಿಯ, ಭಿಕ್ಷೆಗೆ ಬಂದಿದ್ದೇವೆ ಅಂದರು. ಎರಡನೇ ಸಲವೂ ಹಾಗೇ ಅಂದರು. ಬದುಕು ಎಷ್ಟು ದಿನವೋ ಗೊತ್ತಿಲ್ಲ, ನಿಮ್ಮದಾಗಲಿ ನನ್ನದಾಗಲಿ, ಈಗಲೇ ಹೇಳಿ ಅಂತ ಅವನು ಮೂರನೇ ಸಲ ಕೇಳಿದ. ಬುದ್ಧರು ಬೀದಿಯಲ್ಲಿ ನಿಂತೇ ಹೇಳಿದರು: ನೋಡಿದ್ದರಲ್ಲಿ ನೋಡಿದ್ದು ಮಾತ್ರ ಇರಲಿ, ಕೇಳಿದ್ದರಲ್ಲಿ ಕೇಳಿದ್ದು ಮಾತ್ರ ಇರಲಿ. ಇನ್ನೂ ನಾಲ್ಕು ಮಾತು ಹೇಳಿ ಭಿಕ್ಷೆಗೆ ನಡೆದರು. ಬಾಹಿಯನಿಗೆ ಅಷ್ಟೇ ಸಾಕಾಯಿತು. ಸ್ವಲ್ಪ ಹೊತ್ತಿನಲ್ಲೇ, ಎಳೆಗರು ಇದ್ದ ಹಸುವೊಂದು ಹಾಯ್ದು ಅವನು ತೀರಿಕೊಂಡ.